ಎಡಕ್ಕೆ ಸುತ್ತಿದ ಬೀಡಿಗಳು

ನನ್ನ ಎಡಮಗ್ಗುಲಲ್ಲಿ ಕೂಡುತ್ತಿದ್ದ ಹೌಸಕ್ಕನಿಗೆ,

ಶಾಂತಾ ಬರೆಯುತ್ತಿದ್ದೇನೆ. ನಿನ್ನ ಮಗ ಇಚಲಕರಂಜಿಯ ಮಗ್ಗಕ್ಕೆ ಹೋದ ಹೊಸದರಲ್ಲಿ, ನಮ್ಮ ಮನೆಗಳಿಗೆ ಇನ್ನೂ ಫೋನು ಬಂದಿರಲಿಲ್ಲ, ನೀನು ಹೇಳುತ್ತಿದ್ದೆ, ನಾನು ಬರೆಯುತ್ತಿದ್ದೆ. ಸದಲಗಾದ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತ ನನ್ನ ಅಕ್ಷರದ ಮೇಲೆ ನಿನಗೆ ಭಾರೀ ಅಭಿಮಾನ. "ಹೊಟ್ಟಿ ತುಂಬ ಉಣ್ಣು ಅಂತ ಬರಿ ಬೇ. ಮತ್ತೊಮ್ಮೆ ಬರಿ. ಎರಡ ಸಲ ಬರದ್ರ ಎರಡ ತುತ್ತು ಹೆಚ್ಚಿಗಿ ಉಣ್ತಾನ" ಅನ್ನುತ್ತಿದ್ದೆ. ಇವತ್ತು ಹೇಳಿಕೊಡಲು ನೀನಿಲ್ಲ. ಏಕಾದಶಿಯ ದಿನ ನಾನು ಬೀಡಿ ಮುಟ್ಟುವುದಿಲ್ಲವೆಂದು ನಿನಗೆ ಗೊತ್ತೇ ಇದೆ. ಮೊದಲೆಲ್ಲ ಈ ದಿನ ನನ್ನ ಪಾಲಿನದನ್ನೂ ನೀನೇ ಕಟ್ಟುತ್ತಿದ್ದೆ. "ನೀ ದೇವರ್ನ ನೋಡ್ಕೋ, ನಾ ಮುನೀಮನ್ನ ನೋಡ್ಕೋತೀನಿ." ಈಗ ಏಕಾದಶಿ ಅಂದರೆ ನನ್ನ ಕಟ್ಟೆಯ ಮೇಲೆ ಒಂದು ಬೀಡಿಯೂ ಇಲ್ಲ. ಕೈ ಖಾಲಿ ಇದೆ. ಅದಕ್ಕೇ ಈ ಕಾಗದ.

ಸುಜಾತಾ ಮೊದಲ ಸಲ ನಮ್ಮ ಓಣಿಗೆ ಬಂದ ದಿನ ನೆನಪಿದೆಯಲ್ಲ? ಹೆಗಲಿಗೆ ಚೀಲ, ಕೈಯಲ್ಲಿ ಬರೆದುಕೊಳ್ಳುವ ವಹಿ, ಕೊರಳಲ್ಲಿ ಬುದ್ಧನ ಸಣ್ಣ ಪದಕ. "ಕುಂದರ್ಲೇನ್ರಿ ಮಾವಶಿ?" ಅಂದಳು. ಎಲೆಯ ಗಂಟು ಸರಿಸಿ ಅವಳಿಗೆ ಜಾಗ ಮಾಡಿದವಳು ನೀನು. ನಾನು ವಹಿಯನ್ನೇ ನೋಡುತ್ತಿದ್ದೆ. ರಾಯಬಾಗದಾಚೆಯ ಹಳ್ಳಿಯವಳು, ಅಪ್ಪ ಅವ್ವ ಕಬ್ಬು ಕಡಿಯುವ ಕೂಲಿ, ಮನೆತನದಲ್ಲಿ ಎಂ.ಎ. ಮಾಡಿದವಳು ಇವಳೊಬ್ಬಳೇ. ಫೆಲೋಶಿಪ್ ಸಿಕ್ಕಿದೆ ಅಂದಳು.

"ಫೆಲೋಶಿಪ್ ಅಂದ್ರ ಏನ ಯವ್ವಾ? ನೌಕರಿ ಏನು?" ಅಂತ ನೀನು ಕೇಳಿದೆ.

"ನೌಕರಿ ಅಲ್ರಿ ಮಾವಶಿ. ಕಾಲೇಜು ಮುಗಿಸಿದ ಹುಡುಗ್ರೊಳಗ ಕೆಲವರ್ನ ಆರಿಸ್ತಾರ್ರಿ. ಎರಡ ವರ್ಷ ಖರ್ಚಿಗೆ ಕೊಡ್ತಾರ. ನಾವು ಒಂದ ಊರಾಗ ಇದ್ದು, ಮಂದಿ ಹೆಂಗ ದುಡಿತಾರ, ಹೆಂಗ ಬದುಕ್ತಾರ ಕೇಳಿ ಬರೀಬೇಕು."

"ಮಂದಿ ಸುದ್ದಿ ಕೇಳಾಕ ಪಗಾರ!" ನೀನು ಹಲ್ಲಿನಲ್ಲಿ ಹಿಡಿದಿದ್ದ ದಾರ ಬಿಟ್ಟು ನಕ್ಕೆ. "ಶಾಂತಾ, ನಾವಿಬ್ರೂ ಇಷ್ಟ ವರ್ಷ ಪುಕ್ಕಟೆ ಮಾಡಿ ಕೆಟ್ವಿ ನೋಡ ಬೇ."

ಅವಳೂ ನಕ್ಕಳು. ಹೋಗುವಾಗ ಒಂದು ಕಟ್ಟು ಬೀಡಿ ಕೇಳಿದಳು, ತನ್ನ ಕೋಣೆಯಲ್ಲಿ ಇಟ್ಟುಕೊಳ್ಳಲಿಕ್ಕೆ. ನೀನೇ ಎತ್ತಿ ಕೊಟ್ಟೆ. ನಾನು ಮಾತ್ರ ನಗಲಿಲ್ಲ. ಹಿಂದೊಮ್ಮೆ ಹೀಗೇ ವಹಿ ಹಿಡಿದ ಒಬ್ಬಾತ ಓಣಿಗೆ ಬಂದು, ಚಹ ಕುಡಿದು, ಎಲ್ಲರನ್ನೂ ಅಕ್ಕ ತಂಗಿ ಅಂದು ಹೋದ ಮೇಲೆ ನಮ್ಮ ಓಣಿಯ ಗಂಗೂಬಾಯಿಯ ಬೀಡಿ ಕಾರ್ಡು ರದ್ದಾಗಿತ್ತು. ಒಂದು ಕಾರ್ಡಿನ ಮೇಲೆ ಇಬ್ಬರು ಕಟ್ಟುತ್ತಾರೆ ಅಂತ. ಆ ಹೆದರಿಕೆ ನನ್ನ ಎಲುಬಿನಲ್ಲಿ ಇಳಿದು ಕುಳಿತಿತ್ತು, ಅಕ್ಕಾ.

ನಮ್ಮದೂ ಒಂದೇ ಕಾರ್ಡಲ್ಲವೇ? ಕಾರ್ಖಾನೆಯವರು ಕಾರ್ಡು ಬರೆಸಿಕೊಂಡ ವರ್ಷ ನೀನು ಬಾಣಂತನಕ್ಕೆ ಕೊಗನೊಳ್ಳಿಯ ತವರಿಗೆ ಹೋಗಿದ್ದೆ. ಕೂಸು ಎತ್ತಿಕೊಂಡು ಬಂದಾಗ "ಮುಂದಿನ ಸಲ ನೋಡೋಣು" ಅಂದರು. ಆ ಮುಂದಿನ ಸಲ ಬರಲೇ ಇಲ್ಲ. ನೀನು ನನ್ನ ಕಟ್ಟೆಗೆ ಬಂದು ಕುಳಿತೆ. ನಡುವೆ ತಂಬಾಕಿನ ಬುಟ್ಟಿ, ತೊಡೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮೊರ. ನೀನು ಎಡಗೈಯವಳು, ರೊಡ್ಡಿ, ಅದಕ್ಕೇ ಎಡಕ್ಕೆ ಕೂಡುತ್ತಿದ್ದೆ. ಮೊಣಕೈಗೆ ಮೊಣಕೈ ಬಡಿಯುತ್ತಿರಲಿಲ್ಲ. ನನ್ನ ಬೀಡಿ ಬಲಕ್ಕೆ ಸುತ್ತಿದರೆ ನಿನ್ನದು ಎಡಕ್ಕೆ ಸುತ್ತುತ್ತಿತ್ತು. ಒಮ್ಮೆ ಬೀಡಿ ಎಣಿಸಿಕೊಳ್ಳುವ ಕಾರ್ಖಾನೆಯ ಮುನೀಮ "ಇವು ಉಲ್ಟಾ ಯಾಕ ಅದಾವ್ರಿ?" ಅಂದಾಗ ನಾನು "ಒಮ್ಮೊಮ್ಮೆ ಕೈ ಬದಲಸ್ತೀನ್ರಿ" ಅಂದಿದ್ದೆ. ಮನೆಗೆ ಬಂದು ಹೇಳಿದರೆ ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ರೊಡ್ಡಿ ನಾನು, ಹೆಸರು ಬಂದದ್ದು ನಿನಗ!"

ಮುಂದಿನ ವಾರ ಸುಜಾತಾ ವಹಿ ಬಿಚ್ಚಿ ಕೇಳಿದಳು, "ದಿನಕ್ಕ ಎಷ್ಟ ಬೀಡಿ ಕಟ್ತೀರಿ ಮಾವಶಿ?" ಕಾರ್ಡಿನಲ್ಲಿ ಇದ್ದದ್ದನ್ನೇ ಹೇಳಿದೆ. ಎರಡು ಸಾವಿರ. "ನೀವೊಬ್ಬರ?" ಹುಡುಗಿಯ ಕಣ್ಣು ದೊಡ್ಡದಾಯಿತು. "ನಸುಕಿನ್ಯಾಗ ಎದ್ದು ಅರ್ಧ ಮುಗಸ್ತೀನವ್ವಾ. ಕೈ ರೂಢಿ ಆಗ್ಯಾವ." ಅವಳು ನಿನ್ನ ಕಡೆ ನೋಡಿದಳು. ನಿನ್ನ ಮೊರದಲ್ಲಿ ಆಗಲೇ ಕಟ್ಟಿಟ್ಟ ಬೀಡಿಗಳಿದ್ದವು. ನೀನು ಬಾಯಿ ತೆರೆಯುವ ಮೊದಲೇ ನಾನಂದೆ, "ಆಕಿ ಸುಮ್ನ ಕೂಡಾಕ ಬರ್ತಾಳ. ಬ್ಯಾಸರಕ್ಕ ಕೈ ಆಡಸ್ತಾಳ, ಅಷ್ಟ."

ಕೊರಳಲ್ಲಿ ತುಳಸಿಮಣಿ ಹಾಕಿದ ಮಾಳಕರಿ ನಾನು. ವಿಠೋಬನ ಮುಂದೆ ನಿಂತು ಸುಳ್ಳು ಆಡುವುದಿಲ್ಲವೆಂದು ಮಾಲೆ ಹಾಕಿಸಿಕೊಂಡವಳು. ನಿನ್ನನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ನಿನ್ನನ್ನು ಇಲ್ಲವೆಂದೆ.

ನೀನು ಏನು ಮಾಡಿದೆ? ಮೊರವನ್ನು ನನ್ನ ಕಡೆ ಸರಿಸಿದೆ. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. "ಹೌದವ್ವಾ, ಮನಿಯಾಗ ಒಬ್ಬಾಕಿಗೆ ಹೊತ್ತ ಹೋಗೂದಿಲ್ಲ" ಅಂದೆ. ಆಮೇಲೆ ಅವಳು ಒಂದು ಹಾಳೆ ಕೊಟ್ಟಳು. ನಾವು ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಿಗೆ ಅಂತ ಸಹಿ ಹಾಕಬೇಕಂತೆ. ಬರಹದಲ್ಲಿ ಯಾರ ನಿಜ ಹೆಸರೂ ಬರುವುದಿಲ್ಲ, ಬೇರೆ ಹೆಸರು ಇಡುತ್ತೇನೆ, ಹೆದರಬ್ಯಾಡ್ರಿ ಅಂದಳು. ನಾನು ಸಹಿ ಹಾಕಿದೆ. ನೀನು ಪೆನ್ನಿಗೆ ಎಡಗೈ ಚಾಚಿದೆ. "ನಾನೂ ಬರೀತೀನವ್ವಾ, ನನಗೂ ಬರತೈತಿ." ನಾನು ಪೆನ್ನನ್ನು ಹುಡುಗಿಗೆ ತಿರುಗಿಸಿ ಕೊಟ್ಟೆ. "ಆಕೀದು ಬ್ಯಾಡವ್ವಾ. ಆಕಿ ಕಟ್ಟೂದಿಲ್ಲಲ್ಲ."

ಚಾಚಿದ ಆ ಕೈಯಿಂದಲೇ ಹಣೆಯ ಮೇಲಿನ ಕೂದಲು ಸರಿಸಿಕೊಂಡೆ ನೀನು. ಅದಕ್ಕೇ ಎತ್ತಿದ್ದೆ ಅನ್ನುವ ಹಾಗೆ.

ನಿನಗೆ ಬರೆಯಲು ಕಲಿಸಿದವಳು ನಾನೇ ಅಲ್ಲವೇ, ಅಕ್ಕಾ? ಮಗನ ಕಾಗದದ ಕೆಳಗೆ ಹೆಸರು ನಾನೇ ಹಾಕ್ತೀನಿ ಅಂತ ನೀನು ಹಟ ಹಿಡಿದಿದ್ದೆ. ನಾಲ್ಕು ಅಕ್ಷರಕ್ಕೆ ಒಂದು ಮಳೆಗಾಲ ಹಿಡಿಯಿತು. ಬಂದ ದಿನ ನೀನು ಖುಷಿಗೆ ಕತ್ತರಿಯ ಮೊನೆ ಹಿಡಿದು, ಎಲೆ ಕತ್ತರಿಸುವ ನಿನ್ನ ಅಳತೆ ತಗಡಿನ ಮೇಲೆ "ಹೌಸಾಬಾಯಿ" ಎಂದು ಕೆತ್ತಿದೆ. "ಹುಚ್ಚಿ, ಮುನೀಮ ನೋಡಿದ್ರ? ಒಂದ ಕಾರ್ಡಿಗೆ ಎರಡನೇ ಹೆಸರು ಎಲ್ಲಿಂದ ಬಂತಂತಾನ" ಅಂತ ನಾನು ಬೈದೆ. ಅವತ್ತಿನಿಂದ ನೀನು ಹೆಸರಿದ್ದ ಬದಿಯನ್ನು ಕೆಳಗೆ ಮಾಡಿ, ಎಲೆಗೆ ಒತ್ತಿ ಹಿಡಿದೇ ಕತ್ತರಿಸುತ್ತಿದ್ದೆ. ಸಾಯುವವರೆಗೂ ಹಾಗೇ.

ಆಮೇಲೆ ಹುಡುಗಿ ಬಂದಾಗೆಲ್ಲ ನೀನು ಕೈ ತೆಗೆಯುತ್ತಿದ್ದೆ. ಓಣಿಯ ತಿರುವಿನಲ್ಲಿ ಅವಳ ಚೀಲ ಕಂಡ ಕೂಡಲೇ ಮೊರ ನನ್ನ ಕಡೆ. ಒಂದು ತಾಸು, ಎರಡು ತಾಸು ಕೈ ಕಟ್ಟಿ ಕೂಡುತ್ತಿದ್ದೆ. ಅವಳು ಹೋದ ಮೇಲೆ ಹೋದ ಹೊತ್ತನ್ನು ಹಿಡಿಯಲು ಓಡುತ್ತಿದ್ದೆ. ಒಮ್ಮೆಯೂ ನನ್ನನ್ನು ಆಡಿಕೊಳ್ಳಲಿಲ್ಲ. "ಒಬ್ಬಾಕಿನ ಎರಡ ಸಾವಿರ! ಭಾರೀ ಕೈ ಬೇ ನಿನ್ನವು, ದೃಷ್ಟಿ ತಗೀಲೇನು?" ಎಂದು ನಗಿಸಿ ಬಿಟ್ಟೆ. ಬೈದಿದ್ದರೆ... ಒಂದು ಸಲವಾದರೂ ಬೈದಿದ್ದರೆ ನನಗೆ ಈಗ ಹಿಡಿದುಕೊಳ್ಳಲು ಅದಾದರೂ ಇರುತ್ತಿತ್ತು.

ದೀಪಾವಳಿಯ ಹೊತ್ತಿಗೆ ನಿನ್ನ ಕೆಮ್ಮು ಹೆಚ್ಚಾಯಿತು. ಬೀಡಿ ಕೆಲಸದವರ ದವಾಖಾನೆಗೆ ನೀನು ನನ್ನ ಕಾರ್ಡು ಹಿಡಿದು, ಶಾಂತಾ ಆಗಿ ಹೋದೆ. ಚೀಟಿಯ ಮೇಲೆ ನನ್ನ ಹೆಸರು, ನನ್ನ ವಯಸ್ಸು. "ಒಮ್ಮೆಲೆ ಎಂಟ ವರ್ಷ ಸಣ್ಣಾಕಿ ಆಗಿ ಬಂದೆ ನೋಡ" ಅಂದು ಗುಳಿಗೆ ನುಂಗಿದೆ. ನಿನ್ನ ದುಡಿಮೆ ನನ್ನ ಹೆಸರಿಗಿತ್ತು, ಕೊನೆಗೆ ನಿನ್ನ ಜಡ್ಡೂ ನನ್ನ ಹೆಸರಿಗೇ ಬಂತು. ನಾನು ಗುಡಿಗೆ ಹೋಗಿ ನಿನ್ನ ಹೆಸರು ಹೇಳಿ ಹೂವು ಏರಿಸಿದೆ. ದೇವರ ಹತ್ತಿರವಾದರೂ ಸರಿಯಾದ ಹೆಸರು ಇರಲಿ ಎಂದು.

ಶಿವರಾತ್ರಿ ಮುಗಿದ ಎರಡನೆಯ ದಿನ, ಮಧ್ಯಾಹ್ನ, ನಿನ್ನ ತಲೆ ನನ್ನ ತೊಡೆಯ ಮೇಲಿತ್ತು. ಮಗ ಬಸ್ಸಿನಲ್ಲಿದ್ದ. ನಿನ್ನ ಬೆರಳು ಕೌದಿಯ ಅಂಚನ್ನು ಸುತ್ತುತ್ತಿತ್ತು, ಎಡಕ್ಕೆ. ಕಣ್ಣು ಮುಚ್ಚಿಕೊಂಡೇ ನೀನು ಕೇಳಿದೆ: "ಹುಡುಗಿ ಬಂದ್ಳೇನ? ಕೈ ತಗೀಲೇನು?"

"ಯಾರೂ ಬಂದಿಲ್ಲಕ್ಕಾ, ನೀ ಕಟ್ಟು" ಅಂದೆ. ಕೇಳಿಸಿತೇ ನಿನಗೆ? ಕೇಳಿಸಿತೋ ಇಲ್ಲವೋ ಅನ್ನುವುದೇ ನನಗೆ ಇವತ್ತಿಗೂ...

ಆವತ್ತು ಸಂಜೆ ಮಾಲೆ ತೆಗೆದು ವಿಠೋಬನ ಪಟದ ಮೊಳೆಗೆ ಹಾಕಿದೆ.

ನೀನು ಹೋದ ಹದಿನೈದು ದಿನಕ್ಕೆ ಸುಜಾತಾ ಬಂದಳು. ಆರು ತಿಂಗಳ ಬರಹವನ್ನು ಧಾರವಾಡದಲ್ಲಿ ಫೆಲೋಶಿಪ್ ಕೊಟ್ಟ ಹಿರಿಯರ ಮುಂದೆ ಓದಿ ಬಂದಿದ್ದಳು. ಎಲ್ಲರೂ ಹೊಗಳಿದರಂತೆ. ಎರಡು ಸಾವಿರ ಬೀಡಿಯ ಒಬ್ಬ ಹೆಂಗಸು, ಅವಳ ನಸುಕಿನಿಂದ ಸಂಜೆಯವರೆಗಿನ ದಿನ, ಅದರ ಮೇಲೇ ಬರಹವೆಲ್ಲ ನಿಂತಿತ್ತು. ನಿನ್ನ ಜಾಗ ನೋಡಿ ಕಣ್ಣು ಒರೆಸಿಕೊಂಡು ಅಂದಳು, "ಪಾಪ ಆ ಮಾವಶಿ. ಸುಮ್ನ ಕೂಡಾಕ ಬರ್ತಿದ್ರಲ್ರಿ, ಆದ್ರೂ ಎಷ್ಟ ಖಾಲಿ ಅನಸ್ತೈತಿ."

ನಾನು ಎಲೆ ಕತ್ತರಿಸುತ್ತಲೇ ಇದ್ದೆ. ಇನ್ನೂ ನಾಲ್ಕು ಸಲ ಬಂದಳು, ನಾಲ್ಕು ಸಲವೂ ನಿಜ ಹೇಳಲಿಲ್ಲ. ಈಗ ಬಾಯಿ ಕಟ್ಟಿದ್ದು ಬರೀ ಕಾರ್ಡಿನ ಹೆದರಿಕೆಯಲ್ಲ. ಅವಳ ಮನೆಯಲ್ಲಿ ಸೋದರಮಾವ ವರ ನೋಡಿಟ್ಟಿದ್ದ. "ಫೆಲೋಶಿಪ್ ಇರೂತನಕ ಅಪ್ಪ ತಡೀತಾನ್ರಿ ಮಾವಶಿ. ಅದು ನಿಂತ ದಿನ ನನ್ನ ವಹಿ ಮುಚ್ಚಿದ್ಹಂಗ" ಎಂದು ನಿನ್ನ ಎದುರೇ ಹೇಳಿದ್ದಳಲ್ಲ. ಸತ್ತವಳಿಗಾಗಿ ನಿಜ ಹೇಳಿದರೆ ಬದುಕಿರುವ ಹುಡುಗಿಯ ಬರಹ ಬೀಳುತ್ತದೆ. ಹೇಳದಿದ್ದರೆ ನೀನು ಭೂಮಿಯ ಮೇಲೆ ಬೀಡಿಯನ್ನೇ ಕಟ್ಟದ ಹೆಂಗಸಾಗಿ ಉಳಿಯುತ್ತೀ. ವಿಠೋಬನ ಪಟದ ಮುಂದೆ ಕೂತು ಕೇಳಿದೆ. ಅವನು ಸೊಂಟದ ಮೇಲೆ ಕೈ ಇಟ್ಟು ನಿಂತೇ ಇದ್ದ.

ಅದರ ಮುಂದಿನ ಸಲ ಬಂದಾಗ ಅವಳೇ ಕೇಳಿದಳು, "ಮಾವಶಿ, ಈಗ ಸಾವಿರನ ಆಗಾಕತ್ತಾವಲ್ರಿ? ಅರ್ಧಕ್ಕ ಬಂತು." ನಾನು ಉತ್ತರ ಕೊಡುವ ಮೊದಲೇ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಳು. "ನನಗ ತಿಳೀತೈತ್ರಿ. ಗೆಳತಿ ಹೋದ ದುಃಖಕ್ಕ ಕೈ ನಿಧಾನ ಆಗ್ಯಾವ." ಹಾಗೇ ವಹಿಯಲ್ಲಿ ಬರೆಯಲು ಬಾಗಿದಳು. ನನಗೆ ತಡೆಯಲಾಗಲಿಲ್ಲ, ಅಕ್ಕಾ. ಪೆನ್ನು ಹಿಡಿದ ಅವಳ ಕೈ ಹಿಡಿದುಕೊಂಡೆ.

"ಅದನ್ನ ಬರೀಬ್ಯಾಡವ್ವಾ. ನನ್ನ ಕೈ ನಿಧಾನ ಆಗಿಲ್ಲ. ನನ್ನವು ಮೊದಲೂ ಸಾವಿರನ. ಉಳಿದ ಸಾವಿರ ಹೌಸಕ್ಕಂದು."

ಎಲ್ಲ ಹೇಳಿದೆ. ಕಾರ್ಡು, ಗಂಗೂಬಾಯಿ, ಪೆನ್ನು. ಹುಡುಗಿ ಚೀಲದಲ್ಲಿ ತಡಕಿ ಹಳೆಯ ವಹಿಯೊಂದನ್ನು ತೆಗೆದು, ಪುಟ ತಿರುವಿ, ತಾನೇ ಬರೆದಿದ್ದ ಸಾಲನ್ನು ಓದಿದಳು: "ಸುಮ್ಮನೆ ಕೂಡುವ ಮಾವಶಿ ಸೆರಗಿನ ಅಂಚನ್ನು ಬೆರಳಿನಿಂದ ಸುತ್ತುತ್ತಲೇ ಇರುತ್ತಾರೆ." ವಹಿ ಮುಚ್ಚಿದಳು. "ನೋಡೀನ್ರಿ ಮಾವಶಿ. ಬರದೂ ಬರದೀನಿ. ಆದ್ರೂ ಕಾಣಲಿಲ್ಲ ನನಗ."

ಮರುದಿನ ನೀನು ಕೊಟ್ಟಿದ್ದ ಆ ಮೊದಲ ದಿನದ ಕಟ್ಟು ತಂದಳು. ಕೋಣೆಯಲ್ಲಿ ಪುಸ್ತಕಗಳ ನಡುವೆ ಇಟ್ಟಿದ್ದಳಂತೆ. ದಾರ ಬಿಚ್ಚಿ ಹಾಳೆಯ ಮೇಲೆ ಹರವಿದೆವು. ನಾನು ಒಂದೊಂದೇ ಎತ್ತಿ ನೋಡಿ ಬೇರೆ ಮಾಡಿದೆ. ಬಲಕ್ಕೆ ಸುತ್ತಿದವು ಈ ಕಡೆ, ಎಡಕ್ಕೆ ಸುತ್ತಿದವು ಆ ಕಡೆ. ಇಪ್ಪತ್ತೈದರಲ್ಲಿ ಹದಿಮೂರು ನಿನ್ನವು. ನನಗಿಂತ ಒಂದು ಹೆಚ್ಚು! ಅಳುತ್ತ ಅಳುತ್ತ ನಗು ಬಂತು. ನೀನಿದ್ದರೆ ಆ ಒಂದು ಬೀಡಿ ಹಿಡಿದುಕೊಂಡು ಎಷ್ಟು ದಿನ ಕಾಡುತ್ತಿದ್ದೆಯೋ.

"ಸುಮ್ನ ಇದ್ದಬಿಡವ್ವಾ" ಅಂದೆ ಅವಳಿಗೆ. "ನನ್ನ ಮನಸ್ಸಿನ ಭಾರ ನಿನಗ ಹೇಳಿದೆ. ನಿನ್ನ ಬರಹ ಹಾಳ ಮಾಡ್ಕೋಬ್ಯಾಡ." ಅವಳು ತಲೆ ಅಲ್ಲಾಡಿಸಿದಳು. "ನೀವು ಹೆದರಿ ಸುಳ್ಳು ಹೇಳಿದ್ರಿ ಮಾವಶಿ. ಈಗ ಗೊತ್ತಿದ್ದೂ ನಾನು ಅದನ್ನ ಓದಿದ್ರ?" ತಪ್ಪಾಗಿದೆ ಎಂದು ಧಾರವಾಡಕ್ಕೆ ಬರೆದು ಕಳಿಸಿದಳು. ಕರೆಸಿದರು. ಎರಡು ತಿಂಗಳು ಫೆಲೋಶಿಪ್ ತಡೆದರು. ಆ ಎರಡು ತಿಂಗಳು ನಾನು ದೇವರಿಗೆ ಕೊಟ್ಟ ಕಾಟ ಅವನಿಗೇ ಗೊತ್ತು. ಅತ್ತ ಸೋದರಮಾವ ವರನ ಕಡೆಯವರನ್ನು ಎರಡು ಸಲ ಕರೆತಂದ. ಎರಡು ಸಲವೂ ಅವಳ ಅಪ್ಪ "ಮಗಳು ಊರಾಗ ಇಲ್ಲ" ಎಂದು ಚಹ ಕೊಟ್ಟು ಕಳಿಸಿದನಂತೆ.

ಹೋದ ತಿಂಗಳು ಸುದ್ದಿ ಬಂತು. ಮೊದಲಿನ ಬರಹ ಲೆಕ್ಕಕ್ಕಿಲ್ಲ, ಹೊಸದಾಗಿ ಮಾಡಬೇಕು, ಉಳಿದ ದಿನಗಳಲ್ಲೇ ಮುಗಿಸಬೇಕು, ಒಂದು ದಿನವೂ ಹೆಚ್ಚು ಕೊಡುವುದಿಲ್ಲ. ಅಷ್ಟಾದರೂ ಬಿಟ್ಟರು. ಮುಗಿಯುತ್ತದೋ ಇಲ್ಲವೋ ವಿಠೋಬನೇ ಬಲ್ಲ. ಈಗ ನಮ್ಮ ಮನೆಯಲ್ಲೇ ಇದ್ದಾಳೆ. ನಿನ್ನ ಜಾಗದಲ್ಲಿ ಕೂಡುತ್ತಾಳೆ, ಕೋಪ ಮಾಡಿಕೊಳ್ಳಬೇಡ. ಕಾರ್ಡಿಲ್ಲದೆ ಇನ್ನೊಬ್ಬರ ಹೆಸರಿನಲ್ಲಿ ಕಟ್ಟುವ ಹೆಂಗಸರನ್ನು ಹುಡುಕಿ ಬರೆಯುತ್ತಿದ್ದಾಳೆ. ವಹಿ ಕಂಡರೆ ಯಾರು ಬಾಯಿ ಬಿಡುತ್ತಾರೆ? ಅದಕ್ಕೆ ನಾನು ಜೊತೆಗೆ ಹೋಗುತ್ತೇನೆ. ಮೊದಲು ನಾನು ನನ್ನ ಸುಳ್ಳು ಹೇಳುತ್ತೇನೆ. ಹೇಳಿ ಮುಗಿಸುವಷ್ಟರಲ್ಲಿ ಎದುರಿನವಳು ಬಾಗಿಲ ಕಡೆ ನೋಡಿ, ಒಳಗೆ ಕೂತವಳನ್ನು ಕರೆಯುತ್ತಾಳೆ. "ಬಾ ಬೇ ಹೊರಗ, ಹೆದರಬ್ಯಾಡ."

ಒಪ್ಪಿಗೆಯ ಹಾಳೆಯನ್ನು ಮತ್ತೆ ತಂದಾಗ ಅವಳಿಗೆ ಹೇಳಿದೆ, "ನನ್ನ ಹೆಸರು ಬದಲಸು. ಆಕೀದು ಬದಲಸಬ್ಯಾಡ. ಜನಮ ಪೂರ್ತಿ ಮತ್ತೊಬ್ಬರ ಹೆಸರಾಗ ದುಡದಾಳ, ಸತ್ತ ಮ್ಯಾಲೂ ಬ್ಯಾರೇದು ಬ್ಯಾಡ." ಧಾರವಾಡದವರನ್ನು ಕೇಳಿದಳು, ನಿನ್ನ ಮಗ ಬಂದು ಒಪ್ಪಿ ಸಹಿ ಮಾಡಿದ. ಆದರೂ ನಿನ್ನ ಸಹಿಯ ಗೆರೆ ಖಾಲಿ ಇತ್ತು. ಅದನ್ನು ನೋಡಲಾರದೆ ಒಳಗೆ ಹೋಗಿ ನಿನ್ನ ತಗಡು ತಂದೆ. ಸುಜಾತಾ ಅದರ ಮೇಲೆ ಹಾಳೆ ಹಾಸಿ, ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿದಳು. ಬೂದು ಬಣ್ಣದ ನಡುವೆ ಬೆಳ್ಳಗೆ ಒಂದೊಂದೇ ಅಕ್ಷರ ಎದ್ದು ಬಂತು, ನೀನು ಕೆತ್ತಿದ್ದ ಹಾಗೇ, ಎಡಕ್ಕೆ ವಾಲಿಕೊಂಡು.

ಸಹಿ ಆಯಿತು, ಅಕ್ಕಾ. ನೀನು ಕೈ ಚಾಚಿದ ಆ ಹಾಳೆಯ ಮೇಲೆ.

ಮಾಲೆ ಇನ್ನೂ ಮೊಳೆಯ ಮೇಲೇ ಇದೆ. ಅವನು ಕ್ಷಮಿಸಬಹುದು. ನೀನು... ನಿನ್ನನ್ನು ಕೇಳಲು ನಾನು ಎಲ್ಲಿಗೆ ಬರಲಿ? ಇಷ್ಟು ಮಾತ್ರ ಕೊಡಬಲ್ಲೆ. ನನ್ನ ತಗಡು ತೆಗೆದಿಟ್ಟಿದ್ದೇನೆ. ಈಗ ನಿನ್ನದರಲ್ಲೇ ಎಲೆ ಕತ್ತರಿಸುತ್ತೇನೆ. ಮುನೀಮ ಬರಲಿ, ಯಾರೇ ಬರಲಿ, ಹೆಸರಿದ್ದ ಬದಿಯನ್ನು ಮೇಲೆ ಮಾಡಿ ಹಿಡಿಯುತ್ತೇನೆ.

ನಿನ್ನ ಬಲಮಗ್ಗುಲಿನವಳು,
ಶಾಂತಾ